ಬಾರದು, ಬಹುದು: ಡೇಟಾಬೇಸ್ ಕೈಪಿಡಿಯ ತಪ್ಪು ತಿದ್ದಿದ ನನ್ನ ಅನುಭವ

ನಮ್ಮ ಆಫೀಸು ಇರುವುದು ಮಂಗಳೂರಿನ ಬಿಜೈಯಲ್ಲಿ. ಸಹಕಾರಿ ಸಂಘಗಳ ಲೆಕ್ಕಪತ್ರದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಡೇಟಾ ಎಲ್ಲ ಪೋಸ್ಟ್‌ಗ್ರೆಸ್‌ಕ್ಯೂಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸಿನಲ್ಲಿ ಉಂಟು. ಡೇಟಾದ ಪ್ರತಿ ಬದಲಾವಣೆಯನ್ನು ಅದು ಮೊದಲು ವಾಲ್ ಎಂಬ ಫೈಲುಗಳಲ್ಲಿ ಬರೆದಿಡುತ್ತದೆ; ಅವು ಇರುವುದು ಪಿಜಿ_ವಾಲ್ ಎಂಬ ಫೋಲ್ಡರಿನಲ್ಲಿ. ಸಂಘಗಳಿಗೆ ಹೋಗಿ ಬರುವ ಹುಡುಗರಿಗಾಗಿ ನಾನು ಕನ್ನಡದಲ್ಲಿ ಆರು ಪುಟದ ಟಿಪ್ಪಣಿ ಬರೆದುಕೊಟ್ಟಿದ್ದೆ. ಅದರಲ್ಲಿ ಒಂದು ಸಾಲು ಹೀಗಿರಬೇಕಿತ್ತು: ‘ಡಿಸ್ಕ್ ತುಂಬಿದಾಗ ಪಿಜಿ_ವಾಲ್ ಫೋಲ್ಡರಿನ ಫೈಲುಗಳನ್ನು ಕೈಯಾರೆ ಅಳಿಸಬಾರದು.’ ನಾನು ಟೈಪ್ ಮಾಡಿದ್ದು ‘ಅಳಿಸಬಹುದು’ ಎಂದು.

ಎರಡು ವರ್ಷ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಒಂದು ಜುಲೈಯಲ್ಲಿ ಜೋರು ಮಳೆ. ಒಂದು ಸಂಘದಲ್ಲಿ ಬ್ಯಾಕಪ್ ಕಂಪ್ಯೂಟರಿಗೆ ಹೋಗುವ ಲೈನ್ ಕಡಿದುಹೋಗಿತ್ತು. ವಾಲ್ ಫೈಲುಗಳ ನಕಲು ಆ ಕಡೆಗೆ ಹೋಗದಿದ್ದರೆ ಪೋಸ್ಟ್‌ಗ್ರೆಸ್ ಅವನ್ನು ಬಿಸಾಡುವುದಿಲ್ಲ, ಇಟ್ಟುಕೊಂಡೇ ಇರುತ್ತದೆ. ಡಿಸ್ಕ್ ತುಂಬಿತು, ಸರ್ವರ್ ನಿಂತಿತು. ಹೊಸದಾಗಿ ಸೇರಿದ ಹುಡುಗ ಟಿಪ್ಪಣಿ ಓದಿದ, ಅದರಲ್ಲಿ ಇದ್ದಂತೆಯೇ ಮಾಡಿದ. ಆಮೇಲೆ ಸರ್ವರ್ ಏಳಲೇ ಇಲ್ಲ. ಹಿಂದಿನ ರಾತ್ರಿಯ ಬ್ಯಾಕಪ್ ಹಾಕಿ, ಒಂದಿಡೀ ದಿನದ ವೋಚರ್‌ಗಳನ್ನು ಮತ್ತೆ ಕೂತು ಟೈಪ್ ಮಾಡಿದೆವು. ಆ ಹುಡುಗನದು ಏನೂ ತಪ್ಪಿರಲಿಲ್ಲ.

ಆ ವಾರ ನಾನು ವಾಲ್ ಬಗ್ಗೆ ಪೋಸ್ಟ್‌ಗ್ರೆಸ್ ಕೈಪಿಡಿಯಲ್ಲಿ ಇರುವುದನ್ನೆಲ್ಲ ಓದಿದೆ. ಈ ಫೋಲ್ಡರಿನ ಹೆಸರು ಮೊದಲು ಪಿಜಿ_ಎಕ್ಸ್‌ಲಾಗ್ ಎಂದಿತ್ತಂತೆ. ‘ಲಾಗ್’ ಅಂದರೆ ಬೇಡದ ದಾಖಲೆ ಅಂದುಕೊಂಡು ಜನ ಅಳಿಸುತ್ತಿದ್ದರು, ಡೇಟಾ ಕಳೆದುಕೊಳ್ಳುತ್ತಿದ್ದರು. ಹಾಗಾಗಿ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಹೆಸರನ್ನೇ ಬದಲಾಯಿಸಿದರು. ಒಂದು ಪದಕ್ಕೆ ಇಷ್ಟು ಬೆಲೆ ಕೊಡುವವರ ಕೈಪಿಡಿಯಲ್ಲಿ ನಾನೂ ಒಂದು ಕೈ ಜೋಡಿಸಬೇಕು ಅನ್ನಿಸಿತು.

ಇಂಗ್ಲಿಷಿನಲ್ಲಿರುವ ಈ ಕೈಪಿಡಿಯನ್ನು ಯಾರು ಬೇಕಾದರೂ ತಿದ್ದಿ ಕಳಿಸಲಿಕ್ಕೆ ಆಗುತ್ತದೆ. ಸೋರ್ಸ್ ಕೋಡನ್ನು ಗಿಟ್‌ನಿಂದ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ವ್ಯವಸ್ಥೆ) ಇಳಿಸಿಕೊಂಡರೆ ಕೈಪಿಡಿಯೂ ಅದರ ಜೊತೆಗೇ ಬರುತ್ತದೆ. ಫೈಲುಗಳ ಹೆಸರಿನ ಕೊನೆಗೆ ಎಸ್‌ಜಿಎಂಎಲ್ ಎಂದಿದ್ದರೂ ಒಳಗಿರುವುದು ಡಾಕ್‌ಬುಕ್ ಎಕ್ಸ್‌ಎಂಎಲ್, ಅಂದರೆ ಟ್ಯಾಗ್ ಎಂಬ ಗುರುತುಗಳ ನಡುವೆ ಪಠ್ಯ ಬರೆಯುವ ಕ್ರಮ. ತಿದ್ದಿದ ಮೇಲೆ ‘ಮೇಕ್ ಎಚ್‌ಟಿಎಂಎಲ್’ ಎಂಬ ಆಜ್ಞೆ ಓಡಿಸಿ, ಪುಟ ಹೇಗೆ ಕಾಣುತ್ತದೆ ಎಂದು ಬ್ರೌಸರ್‌ನಲ್ಲಿ ನೋಡಬೇಕು. ಒಂದು ಟ್ಯಾಗ್ ಮುಚ್ಚಲು ಮರೆತರೂ ಅಲ್ಲೇ ಗೊತ್ತಾಗುತ್ತದೆ. ಶುರು ಮಾಡುವ ಮೊದಲು ಇನ್ನೂ ಬಿಡುಗಡೆಯಾಗದ ಆವೃತ್ತಿಯ ಪುಟ ನೋಡಿಕೊಳ್ಳಿ. ಎಷ್ಟೋ ಸಲ ಬೇರೆ ಯಾರೋ ಆಗಲೇ ತಿದ್ದಿರುತ್ತಾರೆ.

ನನ್ನ ಮೊದಲ ಪ್ಯಾಚ್ (ತಿದ್ದುಪಡಿಗಳ ಫೈಲ್) ವಾಪಸ್ ಬಂತು. ಅದರಲ್ಲಿ ಕಾಗುಣಿತವೂ ಇತ್ತು, ಅಲ್ಪವಿರಾಮವೂ ಇತ್ತು, ನನಗೆ ಚೆನ್ನಾಗಿ ಕಾಣದ ವಾಕ್ಯಗಳನ್ನು ತಿರುಗಿಸಿ ಬರೆದದ್ದೂ ಇತ್ತು. ಬೇರೆ ಬೇರೆ ಮಾಡಿ ಕಳಿಸಿ ಎಂದು ಉತ್ತರ ಬಂತು. ಒಂದು ಕಡೆ ಅರ್ಥವೇ ಬದಲಾಗಿದೆ ಎಂದೂ ತೋರಿಸಿದ್ದರು. ಇಂಡೆಕ್ಸ್ (ಟೇಬಲಿನಲ್ಲಿ ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ) ಬಗ್ಗೆ ಇದ್ದ ಒಂದು ವಾಕ್ಯದಲ್ಲಿ ‘ಸಾಮಾನ್ಯವಾಗಿ’ ಎಂಬ ಅರ್ಥದ ಪದ ಸುಮ್ನೆ ಇದೆ ಅಂದುಕೊಂಡು ನಾನು ತೆಗೆದುಬಿಟ್ಟಿದ್ದೆ. ಆಮೇಲೆ ನೂರು ಸಾಲಿನ ಒಂದು ಸಣ್ಣ ಟೇಬಲ್ ಮಾಡಿ, ಇಂಡೆಕ್ಸ್ ಹಾಕಿ, ಹುಡುಕುವ ದಾರಿಯನ್ನು ತೋರಿಸುವ ‘ಎಕ್ಸ್‌ಪ್ಲೇನ್’ ಆಜ್ಞೆ ಕೊಟ್ಟು ನೋಡಿದೆ. ಇಂಡೆಕ್ಸ್ ಇದ್ದರೂ ಪೋಸ್ಟ್‌ಗ್ರೆಸ್ ಇಡೀ ಟೇಬಲನ್ನೇ ಓದುವ ದಾರಿ ಆರಿಸಿತು. ಅಷ್ಟು ಸಣ್ಣ ಟೇಬಲ್‌ಗೆ ಅದೇ ಅಗ್ಗ. ಆ ‘ಸಾಮಾನ್ಯವಾಗಿ’ ಅಲ್ಲಿ ಇರಲೇಬೇಕಿತ್ತು.

ಉಡುಪಿಯ ಒಂದು ಪ್ರೆಸ್ಸಿನಲ್ಲಿ ದೊಡ್ಡಪ್ಪ ತುಂಬ ವರ್ಷ ಕರಡು ತಿದ್ದಿದವರು. ಅವರ ಹತ್ತಿರ ಇದನ್ನು ಹೇಳಿದೆ. “ನಿನಗೆ ಸರಿ ಕಾಣದ್ದನ್ನೆಲ್ಲ ತಿದ್ದಬೇಡ ಮಗಾ. ಗೊತ್ತಿರುವುದನ್ನು ತಿದ್ದು. ಸಂಶಯ ಇರುವಲ್ಲಿ ಅಂಚಿನಲ್ಲಿ ಒಂದು ಪ್ರಶ್ನೆ ಹಾಕು, ಬರೆದವರು ನೋಡಿಕೊಳ್ತಾರೆ” ಅಂದರು. ಅವತ್ತಿನಿಂದ ನನ್ನ ಹತ್ತಿರ ಎರಡು ಫೈಲ್ ಇವೆ. ಖಂಡಿತ ತಪ್ಪು ಅನ್ನುವುದು ಒಂದರಲ್ಲಿ, ಕೇಳಬೇಕಾದ್ದು ಇನ್ನೊಂದರಲ್ಲಿ.

ಖಂಡಿತ ತಪ್ಪುಗಳನ್ನು ಹುಡುಕುವುದು ಕಷ್ಟವಲ್ಲ. ‘ದಿ ದಿ’ ಎಂದು ಎರಡು ಸಲ ಬಂದದ್ದನ್ನು ಪದ ಹುಡುಕುವ ‘ಗ್ರೆಪ್’ ಆಜ್ಞೆ ಹಿಡಿದುಕೊಡುತ್ತದೆ. ಆದರೆ ಒಂದು ದ್ವಿರುಕ್ತಿ ಸಾಲಿನ ಕೊನೆಗೂ ಮುಂದಿನ ಸಾಲಿನ ಮೊದಲಿಗೂ ಹಂಚಿಹೋದರೆ ಅದು ಗ್ರೆಪ್‌ಗೂ ಸಿಗುವುದಿಲ್ಲ, ಕಣ್ಣಿಗೂ ಸಿಗುವುದಿಲ್ಲ. ಅದಕ್ಕೆ ಗಟ್ಟಿಯಾಗಿ ಓದಬೇಕು. ಪ್ರೆಸ್ಸಿನಲ್ಲಿ ಒಬ್ಬರು ಓದುತ್ತಿದ್ದರು, ಇನ್ನೊಬ್ಬರು ಹಾಳೆ ನೋಡುತ್ತಿದ್ದರು ಅಲ್ವಾ, ಅದೇ ಕ್ರಮ. ಟ್ಯಾಗಿನೊಳಗಿನ ಹೆಸರುಗಳನ್ನಂತೂ ಮುಟ್ಟಲೇಬಾರದು. ಕೋಡ್‌ನಲ್ಲಿ ಕಾಗುಣಿತ ತಪ್ಪಿದ್ದರೆ ಕೈಪಿಡಿಯಲ್ಲೂ ಹಾಗೇ ಇರಬೇಕು. ಯಾವ ಪುಟದಿಂದ ಬಂದಿರಿ ಎಂದು ಬ್ರೌಸರ್ ಸೈಟಿಗೆ ತಿಳಿಸುವ ‘ರೆಫರರ್’ ಹೆಡರನ್ನೇ ನೋಡಿ. ಇಂಗ್ಲಿಷಿನಲ್ಲಿ ನಡುವೆ ಎರಡು ‘ಆರ್’ ಬೇಕು. ವೆಬ್‌ನ ಸಂವಹನ ನಿಯಮಗಳ, ಅಂದರೆ ಎಚ್‌ಟಿಟಿಪಿಯ, 1996ರ ದಾಖಲೆಯಲ್ಲಿ ಒಂದೇ ‘ಆರ್’ ಅಚ್ಚಾಯಿತು, ಇವತ್ತಿಗೂ ಒಂದೇ ಬರೆಯಬೇಕು.

‘ಎ’ ಮತ್ತು ‘ಆ್ಯನ್’ ನಮ್ಮಂಥವರಿಗೆ ಜಾಸ್ತಿ ತೊಡಕು. ಕನ್ನಡದಲ್ಲಿ ಅಂಥ ಪದವೇ ಇಲ್ಲ. ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ ಎಸ್‌ಕ್ಯೂಎಲ್‌ಗೆ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುವುದು ‘ಸೀಕ್ವೆಲ್’, ಹಾಗಾಗಿ ನನ್ನ ಕಿವಿಗೆ ‘ಎ ಸೀಕ್ವೆಲ್’ ಸರಿ ಕೇಳಿಸುತ್ತಿತ್ತು. ಪೋಸ್ಟ್‌ಗ್ರೆಸ್ ಕೈಪಿಡಿಯವರು ಅದನ್ನು ಒಂದೊಂದೇ ಅಕ್ಷರವಾಗಿ ‘ಎಸ್‌ಕ್ಯೂಎಲ್’ ಎಂದು ಓದುತ್ತಾರೆ, ಆದ್ದರಿಂದ ‘ಆ್ಯನ್ ಎಸ್‌ಕ್ಯೂಎಲ್’. ನನ್ನ ಕಿವಿಗಿಂತ ಅವರ ರೂಢಿ ಮುಖ್ಯ.

ನನ್ನನ್ನು ಹೆಚ್ಚು ಹಿಡಿದು ಕೂರಿಸಿದ್ದು ‘ಮೇ’, ‘ಕ್ಯಾನ್’, ‘ಮೈಟ್’. ದೋಷ ಸಂದೇಶ ಬರೆಯುವವರಿಗಾಗಿ ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಶೈಲಿ ಸೂಚನೆ ಇದೆ. ‘ಮೇ’ ಅಂದರೆ ಅನುಮತಿ, ‘ಕ್ಯಾನ್’ ಅಂದರೆ ಸಾಮರ್ಥ್ಯ, ‘ಮೈಟ್’ ಅಂದರೆ ಸಂಭವ ಎಂದು ಅಲ್ಲಿ ಬಿಡಿಸಿ ಹೇಳಿದ್ದಾರೆ. ಓದಿದಾಗ ನನಗೆ ನಮ್ಮ ‘ಬಹುದು’ ನೆನಪಾಯಿತು. ಮೂರಕ್ಕೂ ನಮಗೆ ಅದೊಂದೇ. ‘ಮಗು ಹೊರಗೆ ಹೋಗಬಹುದು’ ಅಂದರೆ, ಹೋಗಲಿಕ್ಕೆ ಬಿಟ್ಟಿದ್ದೇವೆ ಎಂದೋ, ಎಚ್ಚರ ತಪ್ಪಿದರೆ ಹೋಗಿಬಿಟ್ಟೀತು ಎಂದೋ? ಮಾತಿನಲ್ಲಿ ಧ್ವನಿಯಿಂದ ಗೊತ್ತಾಗುತ್ತದೆ, ಬರಹದಲ್ಲಿ ಧ್ವನಿ ಇಲ್ಲ. ‘ಈ ಆಜ್ಞೆ ಸಾಲುಗಳನ್ನು ಅಳಿಸಬಹುದು’ ಎಂಬ ವಾಕ್ಯದಲ್ಲಿ ಇರುವುದು ಎಚ್ಚರಿಕೆಯೋ, ಅನುಕೂಲವೋ? ಇದು ತಲೆಗೆ ಹತ್ತಿದ ಮೇಲೆ ಇಂಗ್ಲಿಷಿನ ಪ್ರತಿಯೊಂದು ‘ಮೇ’ ಎದುರೂ ನಿಲ್ಲುವುದು ರೂಢಿಯಾಯಿತು. ಅದರಲ್ಲೂ ‘ಮೇ ನಾಟ್’. ಕೂಡದು ಎಂದೋ, ಆಗದೆಯೂ ಇರಬಹುದು ಎಂದೋ, ಎರಡಕ್ಕೂ ಅದು ನಡೆಯುತ್ತದೆ. ಅಂಥ ಕಡೆ ನಾನು ಮೊದಲು ಆಜ್ಞೆಯನ್ನು ಓಡಿಸಿ ನೋಡುತ್ತೇನೆ, ಆಮೇಲೆ ವ್ಯಾಕರಣ.

“ಎಂತ ಮಾರಾಯ್ರೆ, ಒಂದು ಪದಕ್ಕೆ ಇಷ್ಟು ತಲೆಬಿಸಿ?” ಎಂದು ಪಕ್ಕದ ಮೇಜಿನವರು ಕೇಳುತ್ತಾರೆ. ವೋಚರ್ ಟೈಪ್ ಮಾಡಿದ ಆ ದಿನ ಅವರು ರಜೆಯಲ್ಲಿದ್ದರು.

ಎರಡನೇ ಪ್ಯಾಚ್‌ನಲ್ಲಿ ಮೂರೇ ತಿದ್ದುಪಡಿ ಇದ್ದವು, ಮೂರೂ ಕಾಗುಣಿತ. ಪ್ಯಾರಾದ ಉಳಿದ ಸಾಲುಗಳನ್ನು ಇದ್ದ ಹಾಗೇ ಬಿಟ್ಟೆ. ಸಾಲು ಉದ್ದವಾಯಿತೆಂದು ಇಡೀ ಪ್ಯಾರಾ ಮರುಜೋಡಿಸಿದರೆ, ಪರಿಶೀಲಿಸುವವರಿಗೆ ಬದಲಾದ ಅಕ್ಷರ ಎಲ್ಲಿದೆ ಎಂದೇ ಸಿಗುವುದಿಲ್ಲ. ಕಳಿಸುವ ಮೊದಲು ಗಿಟ್‌ನ ವರ್ಡ್‌ ಡಿಫ್ ತೆರೆದು ಪದಪದವಾಗಿ ನೋಡಿದೆ. ಆ ಪ್ಯಾಚ್ ಕೈಪಿಡಿಗೆ ಸೇರಿತು.

ನಮ್ಮ ಆರು ಪುಟದ ಟಿಪ್ಪಣಿಯನ್ನೂ ಹೀಗೇ ತಿದ್ದಿದ್ದೇನೆ. ಅನುಮತಿ ಇರುವಲ್ಲಿ ‘ಮಾಡಿ, ತೊಂದರೆ ಇಲ್ಲ’ ಎಂದು ಬರೆದೆ. ಅಪಾಯ ಇರುವಲ್ಲಿ ‘ಹೋಗಿಬಿಡುವ ಅಪಾಯ ಉಂಟು’ ಎಂದು ಬರೆದೆ. ನಿಷೇಧ ಇರುವಲ್ಲಿ ‘ಬಾರದು’ ತೆಗೆದು ‘ಖಂಡಿತ ಬೇಡ’ ಎಂದು ಮಾಡಿದೆ. ಒಂದು ಅಕ್ಷರ ತಪ್ಪಿದರೂ ಅದು ಉಲ್ಟಾ ಆಗುವುದಿಲ್ಲ. ಈಗ ಶನಿವಾರ ಮಧ್ಯಾಹ್ನ ಆ ಹುಡುಗ ಗಟ್ಟಿಯಾಗಿ ಓದುತ್ತಾನೆ, ನಾನು ಹಾಳೆ ನೋಡುತ್ತೇನೆ. ಹೋದ ವಾರ ನಾಲ್ಕನೇ ಪುಟದಲ್ಲಿ ತಟ್ಟನೆ ನಿಲ್ಲಿಸಿದ.

“ಅಣ್ಣ, ಇಲ್ಲೊಂದು ಉಳಿದಿದೆ. ಇದು ಯಾವ ‘ಬಹುದು’?”