ಕ್ರಿಸ್‌ಮಸ್ ಊಟಕ್ಕೆ ಓವನ್ನಿನಲ್ಲಿ ಬೇಯಿಸಿದ ಗೋವಿನಜೋಳ: ನಾನು ಮಾಡುವ ಬಗೆ

ಹುಬ್ಬಳ್ಳಿಯ ನಮ್ಮ ಮನೆಯ ಆರಾಧನೆ 1839ರಲ್ಲಿ ಈ ಊರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯದಾದರೂ ಅಡುಗೆ ಮಾತ್ರ ಈ ನೆಲದ್ದೇ. ಕ್ರಿಸ್‌ಮಸ್ ದಿನ ಮಟನ್ ಪಲಾವ್ ಮತ್ತು ಕೋಳಿ ಸಾರಿನ ಜೊತೆಗೆ ಎಣ್ಣೆಗಾಯಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇರಲೇಬೇಕು. ಇವೆಲ್ಲವೂ ಖಾರದ ಕಡೆಗೆ ವಾಲುವ ಪದಾರ್ಥಗಳಾದ್ದರಿಂದ, ಅವುಗಳ ನಡುವೆ ಮೆತ್ತಗಿರುವ, ತುಸು ಸಿಹಿಯಾದ, ಚಮಚದಿಂದ ತೆಗೆದು ಬಡಿಸಬಹುದಾದ ಒಂದು ಖಾದ್ಯವಿದ್ದರೆ ನಾಲಿಗೆಗೆ ನಡುನಡುವೆ ಬಿಡುವು ಸಿಗುತ್ತದೆ. ಆ ಜಾಗವನ್ನು ನಮ್ಮಲ್ಲಿ ಈಗ ಕೆಲವು ವರ್ಷಗಳಿಂದ ಓವನ್ನಿನಲ್ಲಿ ಬೇಯಿಸಿದ ಗೋವಿನಜೋಳ ತುಂಬಿದೆ. ಕೋಸಂಬರಿಯನ್ನೋ ಪಲ್ಯವನ್ನೋ ಬಡಿಸುವಂತೆ ಇದನ್ನೂ ತಟ್ಟೆಯ ಅಂಚಿಗೆ ಒಂದು ಚಮಚ ಬಡಿಸುತ್ತೇವೆ.

ಈ ಖಾದ್ಯ ಮೂಲತಃ ಅಮೆರಿಕದ ಮನೆಗಳದ್ದು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೂ ಕ್ರಿಸ್‌ಮಸ್‌ಗೂ ಅಲ್ಲಿ ಇದನ್ನು ಮಾಡುತ್ತಾರೆ. ಅಲ್ಲಿಯವರ ಸುಲಭದ ವಿಧಾನದಲ್ಲಿ ಒಂದು ಡಬ್ಬಿ ಇಡಿ ಕಾಳು, ಕಾಳನ್ನು ಕೆನೆಯಂತೆ ಅರೆದು ತುಂಬಿದ ಇನ್ನೊಂದು ಡಬ್ಬಿ, ಹುಳಿ ಕೆನೆ, ಬೆಣ್ಣೆ, ಮೊಟ್ಟೆ ಮತ್ತು ಗೋವಿನಜೋಳದ ಬ್ರೆಡ್ಡಿಗೆಂದೇ ಸಿದ್ಧಪಡಿಸಿದ ಹಿಟ್ಟಿನ ಒಂದು ಪೊಟ್ಟಣ ಇಷ್ಟನ್ನು ಕಲಸಿ ಓವನ್ನಿನಲ್ಲಿಟ್ಟರೆ ಕೆಲಸ ಮುಗಿಯುತ್ತದೆ. ಹುಬ್ಬಳ್ಳಿಯಲ್ಲಿ ಆ ಪೊಟ್ಟಣವನ್ನೂ ಕೆನೆಯ ಡಬ್ಬಿಯನ್ನೂ ಹುಡುಕಿಕೊಂಡು ಅಲೆಯುವುದಕ್ಕಿಂತ, ಅವುಗಳಲ್ಲಿ ಏನಿದೆ ಎಂಬುದನ್ನು ತಿಳಿದುಕೊಂಡು ಇಲ್ಲಿಯ ಸಾಮಗ್ರಿಯಿಂದಲೇ ಅದನ್ನು ಮಾಡುವುದು ಸುಲಭ. ಹಾವೇರಿ, ರಾಣೆಬೆನ್ನೂರು, ಹಿರೇಕೆರೂರು ಕಡೆಯ ಹೊಲಗಳಲ್ಲಿ ಮುಂಗಾರು ಬಂತೆಂದರೆ ಕಣ್ಣು ಹಾಯುವಷ್ಟು ದೂರ ಗೋವಿನಜೋಳವೇ ಕಾಣುತ್ತದೆ. ಅಂಥ ಸೀಮೆಯಲ್ಲಿ ಕುಳಿತು ಡಬ್ಬಿಯ ಕಾಳಿಗೆ ಕಾಯುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಈ ಖಾದ್ಯದ ಗುಣವೆಲ್ಲ ನಿಂತಿರುವುದು ಕಾಳು ಎರಡು ರೂಪದಲ್ಲಿ ಸೇರುವುದರ ಮೇಲೆ. ಹಲ್ಲಿಗೆ ಸಿಗುವ ಇಡಿ ಕಾಳು ಒಂದು, ಅದನ್ನು ಹಿಡಿದಿಡುವ ಹಾಲಿನಂಥ ಗಟ್ಟಿ ರುಬ್ಬು ಇನ್ನೊಂದು. ಇವೆರಡಕ್ಕೂ ಒಂದೇ ಜಾತಿಯ ತೆನೆಯನ್ನು ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಇಂದು ಪೇಟೆಯಲ್ಲಿ ಸ್ವೀಟ್ ಕಾರ್ನ್ ಎಂದು ಮಾರುವ ಹೈಬ್ರಿಡ್ ತಳಿಗಳಲ್ಲಿ ಸಕ್ಕರೆಯ ಅಂಶ ಹೆಚ್ಚು, ಪಿಷ್ಟ ಕಡಿಮೆ. ಅವುಗಳ ಇಡಿ ಕಾಳು ಬಹಳ ರುಚಿ, ಆದರೆ ಅರೆದರೆ ನೀರು ನೀರಾಗುತ್ತದೆ. ಆ ನೀರು ಓವನ್ನಿನಲ್ಲಿ ತಳಕ್ಕೆ ಇಳಿದು ಖಾದ್ಯವನ್ನು ನೀರಾಗಿಸುತ್ತದೆ. ಹೊಲದ ಸಾಮಾನ್ಯ ಗೋವಿನಜೋಳದ ಎಳೆಯ ತೆನೆಯಲ್ಲಿ ಸಿಹಿ ಕಡಿಮೆಯಾದರೂ ಪಿಷ್ಟ ಧಾರಾಳವಾಗಿರುತ್ತದೆ. ಅದನ್ನು ಅರೆದು ಬಿಸಿ ಮಾಡಿದರೆ ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ಮಂದವಾಗುತ್ತದೆ. ಆದ್ದರಿಂದ ನಾನು ಇಡಿ ಕಾಳಿಗೆ ಸ್ವೀಟ್ ಕಾರ್ನ್ ಅನ್ನೂ ರುಬ್ಬಿಗೆ ಹೊಲದ ತೆನೆಯನ್ನೂ ತೆಗೆದುಕೊಳ್ಳುತ್ತೇನೆ.

ಡಿಸೆಂಬರಿನಲ್ಲಿ ಹೊಲದ ಎಳೆಯ ತೆನೆ ಸಿಗಬೇಕಾದರೆ ಅದು ನೀರಾವರಿ ಬೆಳೆಯೇ ಆಗಿರಬೇಕು, ಏಕೆಂದರೆ ಮುಂಗಾರಿನ ಬೆಳೆ ಅಷ್ಟು ಹೊತ್ತಿಗೆ ಒಣಗಿ ರಾಶಿಯಾಗಿರುತ್ತದೆ. ಜನತಾ ಬಜಾರಿನಲ್ಲಿ ತರಕಾರಿ ಮಾರುವವರಿಗೆ ಒಂದೆರಡು ದಿನ ಮೊದಲೇ ಹೇಳಿಟ್ಟರೆ ಸಾಮಾನ್ಯವಾಗಿ ತಂದುಕೊಡುತ್ತಾರೆ. ತೆನೆ ಆರಿಸುವಾಗ ಸಿಪ್ಪೆ ಹಸಿರಾಗಿ ಬಿಗಿಯಾಗಿರಬೇಕು, ಮೇಲಿನ ರೇಷ್ಮೆಯಂಥ ಕೂದಲು ಕಂದಾಗಿ ಒಣಗಿರಬೇಕು. ಒಂದು ಕಾಳಿಗೆ ಉಗುರು ಒತ್ತಿದರೆ ಬಿಳಿ ಹಾಲು ಚಿಮ್ಮಬೇಕು. ತಿಳಿನೀರು ಬಂದರೆ ಕಾಳು ಇನ್ನೂ ತುಂಬಿಲ್ಲ, ಉಗುರು ಇಳಿಯದೆ ಹಿಟ್ಟಿನಂತೆ ಗಟ್ಟಿಯಾಗಿದ್ದರೆ ಹದ ದಾಟಿದೆ. ಕೊಯ್ದ ಕ್ಷಣದಿಂದಲೇ ಕಾಳಿನ ಸಕ್ಕರೆ ಪಿಷ್ಟವಾಗಿ ಬದಲಾಗತೊಡಗುತ್ತದೆ, ತಂಪಿನಲ್ಲಿಟ್ಟರೆ ಆ ಬದಲಾವಣೆ ನಿಧಾನವಾಗುತ್ತದೆ. ಅದಕ್ಕಾಗಿ ತಂದ ತೆನೆಗಳನ್ನು ಸಿಪ್ಪೆ ಸುಲಿಯದೆ ನೇರವಾಗಿ ಫ್ರಿಜ್ಜಿಗೆ ಸೇರಿಸುತ್ತೇನೆ. ಹೊಲದ ತೆನೆ ಸಿಗದೇ ಹೋದ ವರ್ಷ ರುಬ್ಬಿಗೂ ಸ್ವೀಟ್ ಕಾರ್ನ್ ಬಳಸಿ, ಅದಕ್ಕೆ ಒಂದು ದೊಡ್ಡ ಚಮಚ ಗೋವಿನಜೋಳದ ನುಣ್ಣನೆಯ ಹಿಟ್ಟನ್ನು ಹಾಲಿನಲ್ಲಿ ಕದಡಿ ಸೇರಿಸಿದರೆ ಮಂದ ಬರುತ್ತದೆ, ರುಚಿಯೂ ಬಹಳ ದೂರ ಹೋಗುವುದಿಲ್ಲ.

ಎಂಟರಿಂದ ಹತ್ತು ಜನರ ಊಟದ ಜೊತೆಗೆ ಆಗುವಷ್ಟು ಮಾಡಲು ಇಡಿ ಕಾಳು 250 ಗ್ರಾಂ, ರುಬ್ಬಿಗೆ ಹೊಲದ ತೆನೆಯ ಕಾಳು 300 ಗ್ರಾಂ, ಹಾಲು 100 ಮಿಲಿಲೀಟರ್, ನೀರು ಬಸಿದ ಗಟ್ಟಿ ಮೊಸರು 240 ಗ್ರಾಂ, ಬೆಣ್ಣೆ 100 ಗ್ರಾಂ, ಗೋವಿನಜೋಳದ ಸಣ್ಣ ರವೆ 80 ಗ್ರಾಂ, ಮೈದಾ 80 ಗ್ರಾಂ, ಮೊಟ್ಟೆ 2, ಬೇಕಿಂಗ್ ಪೌಡರ್ ಎರಡೂವರೆ ಸಣ್ಣ ಚಮಚ, ಉಪ್ಪು ಒಂದು ಸಣ್ಣ ಚಮಚ, ಸಕ್ಕರೆ ಒಂದು ದೊಡ್ಡ ಚಮಚ ಬೇಕು. ಅಮೆರಿಕದ ಪೊಟ್ಟಣದ ಹಿಟ್ಟಿನಲ್ಲಿ ಸಕ್ಕರೆ ಇದಕ್ಕಿಂತ ಹೆಚ್ಚಿರುತ್ತದೆ. ನಮ್ಮ ಊಟದಲ್ಲಿ ಸಿಹಿಗೆ ಹೋಳಿಗೆಯೋ ಕೇಕೋ ಬೇರೆಯೇ ಇರುವುದರಿಂದ, ಸಾರಿನ ಪಕ್ಕದಲ್ಲಿ ಕೂರುವ ಖಾದ್ಯಕ್ಕೆ ಕಾಳಿನ ಸ್ವಂತ ಸಿಹಿಯೇ ಸಾಕು. ಸಕ್ಕರೆಯನ್ನು ಪೂರ್ತಿ ಬಿಡುವುದೂ ಸರಿಯಲ್ಲ, ಏಕೆಂದರೆ ಮೇಲ್ಭಾಗ ಕೆಂಪಗಾಗುವುದಕ್ಕೆ ಅದರ ನೆರವು ಬೇಕು.

ರವೆಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಕೊಡುವ ಬಿಳಿ ಪುಡಿ ಬರಿಯ ಪಿಷ್ಟ. ಅದನ್ನು ಹಾಕಿದರೆ ಖಾದ್ಯ ಅಂಟಂಟಾಗುತ್ತದೆಯೇ ಹೊರತು ಜೋಳದ ಸ್ವಾದ ಬರುವುದಿಲ್ಲ. ನಾನು ಒಣ ಗೋವಿನಜೋಳವನ್ನು ಆರಿಸಿ, ಗಿರಣಿಗೆ ಒಯ್ದು, ಹಿಟ್ಟಿಗಿಂತ ತುಸು ದಪ್ಪಗೆ ಒಡೆಸಿಕೊಂಡು ಬರುತ್ತೇನೆ. ಆ ರವೆಯನ್ನು ಹಾಗೆಯೇ ಕಲಸಿದರೆ ಬೆಂದ ಮೇಲೂ ಹಲ್ಲಿಗೆ ಮರಳಿನಂತೆ ತಾಗುವುದರಿಂದ, ಮೊದಲೇ ಅರ್ಧ ಗಂಟೆ ಮೊಸರಿನಲ್ಲಿ ನೆನೆಯಿಡುವುದು ಅಗತ್ಯ. ಗೋದಿಯಲ್ಲಿರುವ, ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಗೋವಿನಜೋಳದಲ್ಲಿ ಇಲ್ಲದ ಕಾರಣ ಬರಿಯ ರವೆಯಿಂದ ಮಾಡಿದರೆ ಖಾದ್ಯ ಉದುರುತ್ತದೆ, ಬರಿಯ ಮೈದಾದಿಂದ ಮಾಡಿದರೆ ಕೇಕಿನಂತಾಗುತ್ತದೆ; ಸಮಸಮ ಬೆರೆಸಿದಾಗ ಚಮಚಕ್ಕೆ ಮೆತ್ತಗೆ ಬರುವ ಹದ ಸಿಗುತ್ತದೆ.

ಹುಳಿ ಕೆನೆಯ ಬದಲಿಗೆ ಮೊಸರು ಬಳಸುವುದರಿಂದ ನನಗೆ ಯಾವ ಕೊರತೆಯೂ ಕಂಡಿಲ್ಲ. ಧಾರವಾಡದ ಕಡೆಯ ಎಮ್ಮೆ ಹಾಲಿನ ಮೊಸರು ಕೊಬ್ಬಿನಿಂದ ಕೂಡಿದ್ದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಅರ್ಧ ಕಿಲೋ ಮೊಸರನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಿದರೆ ಬೇಕಾದಷ್ಟು ಗಟ್ಟಿ ಮೊಸರು ಉಳಿಯುತ್ತದೆ, ಬಸಿದ ನೀರು ಸಾರಿಗೆ ಹೋಗುತ್ತದೆ. ಆಕಳ ಹಾಲಿನ ಮೊಸರಾದರೆ ಇನ್ನೂ ಹೆಚ್ಚು ಹೊತ್ತು ಬಸಿಯಬೇಕು.

ಈಗ ರುಬ್ಬಿನ ಕೆಲಸ. ತೆನೆಯನ್ನು ಅಗಲವಾದ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ, ಕಾಳನ್ನು ಬುಡದವರೆಗೆ ಕತ್ತರಿಸದೆ ಮೂರರಲ್ಲಿ ಎರಡು ಪಾಲು ಆಳಕ್ಕೆ ಮಾತ್ರ ಚಾಕು ಹಾಯಿಸಬೇಕು. ಆಮೇಲೆ ಚಾಕುವಿನ ಬೆನ್ನಿನಿಂದ ದಿಂಡನ್ನು ಮೇಲಿನಿಂದ ಕೆಳಕ್ಕೆ ಒತ್ತಿ ಕೆರೆದರೆ ಉಳಿದ ಹಾಲು ಮತ್ತು ತಿರುಳು ತಟ್ಟೆಗೆ ಇಳಿಯುತ್ತದೆ. ಬಹಳ ಜನ ಈ ಕೆರೆಯುವ ಕೆಲಸವನ್ನು ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಖಾದ್ಯದ ಸಾರ ಆ ಹಾಲಿನಲ್ಲಿಯೇ ಇದೆ, ಮತ್ತು ಡಬ್ಬಿಯ ಕೆನೆಗಿಂತ ಮನೆಯ ರುಬ್ಬು ಹೆಚ್ಚು ರುಚಿಯಾಗುವುದು ಅದರಿಂದಲೇ. ಕತ್ತರಿಸಿದ ಕಾಳಿಗೆ ಹಾಲು ಹಾಕಿ ಮಿಕ್ಸರಿನಲ್ಲಿ ತರಿತರಿಯಾಗಿ ತಿರುವಿ, ಕೆರೆದದ್ದನ್ನೂ ಸೇರಿಸಿ, ದಪ್ಪ ತಳದ ಪಾತ್ರೆಯಲ್ಲಿ ಒಂದು ಚಮಚ ಬೆಣ್ಣೆಯೊಂದಿಗೆ ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸುತ್ತೇನೆ. ಆರೆಂಟು ನಿಮಿಷಗಳಲ್ಲಿ ಅದು ಮಂದ ಗಂಜಿಯ ಹದಕ್ಕೆ ಬಂದು ಹಸಿವಾಸನೆ ಹೋಗುತ್ತದೆ. ಇದನ್ನು ಪೂರ್ತಿ ಆರಿಸಬೇಕು, ಬಿಸಿಯಿರುವಾಗ ಮೊಟ್ಟೆ ಸೇರಿಸಿದರೆ ಅದು ಅಲ್ಲಿಯೇ ಗಟ್ಟಿಯಾಗಿ ಎಳೆಎಳೆಯಾಗುತ್ತದೆ. ಇಡಿ ಕಾಳನ್ನು ಬೇರೆಯಾಗಿ ಮೂರು ನಿಮಿಷ ಕುದಿಸಿ, ಬಸಿದು, ಬಟ್ಟೆಯ ಮೇಲೆ ಹರವಿ ಒಣಗಿಸುತ್ತೇನೆ.

ಕ್ರಿಸ್‌ಮಸ್ ಬೆಳಿಗ್ಗೆ ಚರ್ಚಿಗೆ ಹೋಗುವ ಅವಸರವಿರುವುದರಿಂದ ಇಷ್ಟು ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿ ಫ್ರಿಜ್ಜಿನಲ್ಲಿಡುತ್ತೇನೆ. ಮೈದಾ, ಬೇಕಿಂಗ್ ಪೌಡರ್, ಉಪ್ಪು, ಸಕ್ಕರೆಗಳನ್ನು ಜರಡಿ ಹಿಡಿದು ಬೇರೆ ಡಬ್ಬಿಯಲ್ಲಿಡುತ್ತೇನೆ. ಒದ್ದೆ ಮತ್ತು ಒಣ ಪದಾರ್ಥಗಳನ್ನು ರಾತ್ರಿಯೇ ಕೂಡಿಸಬಾರದು. ನೀರು ತಾಗಿದೊಡನೆ ಬೇಕಿಂಗ್ ಪೌಡರ್ ಕೆಲಸ ಆರಂಭಿಸುವುದರಿಂದ ಬೆಳಗಾಗುವಷ್ಟರಲ್ಲಿ ಅದರ ಉಬ್ಬು ಬಹುಪಾಲು ಕಳೆದುಹೋಗಿರುತ್ತದೆ. ಚರ್ಚಿನಿಂದ ಬಂದ ಮೇಲೆ ಓವನ್ನನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಬಿಟ್ಟು, ನೆನೆದ ರವೆ ಮತ್ತು ಮೊಸರು, ಕರಗಿಸಿ ಆರಿಸಿದ ಬೆಣ್ಣೆ, ಕಡೆದ ಮೊಟ್ಟೆ, ರುಬ್ಬು, ಇಡಿ ಕಾಳು ಇವುಗಳನ್ನು ಬೆರೆಸಿ, ಕೊನೆಯಲ್ಲಿ ಒಣ ಹಿಟ್ಟನ್ನು ಸೇರಿಸಿ ಹಿಟ್ಟು ಕಾಣದಾಗುವವರೆಗೆ ಮಾತ್ರ ಕಲಸುತ್ತೇನೆ. ಹಿಡಿಯಷ್ಟು ಉಳ್ಳಾಗಡ್ಡಿ ತಪ್ಪಲನ್ನು ಸಣ್ಣಗೆ ಹೆಚ್ಚಿ ಹಾಕುವುದುಂಟು. ಚೀಸ್ ಹಾಕುವವರೂ ಇದ್ದಾರೆ, ಆದರೆ ಅದರ ಉಪ್ಪು ಮತ್ತು ಜಿಡ್ಡಿನ ಕೆಳಗೆ ಎಳೆಯ ಕಾಳಿನ ಪರಿಮಳ ಮುಚ್ಚಿಹೋಗುವುದರಿಂದ ನಾನು ಹಾಕುವುದಿಲ್ಲ.

ಬೆಣ್ಣೆ ಸವರಿದ ಗಾಜಿನ ತಟ್ಟೆಯಲ್ಲಿ ಮಿಶ್ರಣ ಎರಡು ಬೆರಳಿನಷ್ಟು ದಪ್ಪ ನಿಲ್ಲಬೇಕು. ಮನೆಯ ಸಣ್ಣ ವಿದ್ಯುತ್ ಓವನ್ನಿನಲ್ಲಿ (ಓಟಿಜಿ) ಮೇಲಿನ ಕಾಯುವ ಕಡ್ಡಿ ಹತ್ತಿರವಿರುವುದರಿಂದ ತಟ್ಟೆಯನ್ನು ನಡುವಿಗಿಂತ ಒಂದು ಮೆಟ್ಟಿಲು ಕೆಳಗಿಟ್ಟು 45ರಿಂದ 50 ನಿಮಿಷ ಬೇಯಿಸುತ್ತೇನೆ. ಕೊನೆಯ ಹತ್ತು ನಿಮಿಷ ಇರುವಾಗ ಒಂದು ಚಮಚ ಬೆಣ್ಣೆಯನ್ನು ಬಿಸಿ ಮಾಡಿ, ಒಲೆ ಆರಿಸಿ, ಅದಕ್ಕೆ ಅರ್ಧ ಚಮಚ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಹಾಕಿ ಮೇಲೆ ಸವರುತ್ತೇನೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣವೇ ಹೆಚ್ಚು, ಮತ್ತು ಆ ಬಣ್ಣ ನೀರಿನಲ್ಲಿ ಅಲ್ಲ, ಜಿಡ್ಡಿನಲ್ಲಿ ಬಿಡುತ್ತದೆ. ಹಳದಿ ಮೈಯ ಮೇಲೆ ಆ ಕೆಂಪು ಹರಡಿದಾಗ ತಟ್ಟೆ ಹಬ್ಬಕ್ಕೆ ತಕ್ಕಂತೆ ಕಾಣುತ್ತದೆ. ಮೊದಲೇ ಸವರಿದರೆ ಪುಡಿ ಸುಟ್ಟು ಕಹಿಯಾಗುತ್ತದೆ. ಅಂಚು ಕೆಂಪಗಾಗಿ ತಟ್ಟೆಯಿಂದ ಬಿಟ್ಟಿದ್ದು, ಅಲುಗಿಸಿದಾಗ ನಡುಭಾಗ ಮೆಲ್ಲಗೆ ನಡುಗಿದರೆ ಬೆಂದಿದೆಯೆಂದು ತಿಳಿಯಬೇಕು. ಚಾಕು ಚುಚ್ಚಿದರೆ ತೇವವಿರಬಹುದು, ಹಸಿ ಹಿಟ್ಟು ಅಂಟಬಾರದು. ಕೇಕಿನಂತೆ ಪೂರ್ತಿ ಒಣಗುವವರೆಗೆ ಕಾಯ್ದರೆ ಮೆತ್ತನೆಯ ಗುಣ ಹೋಗಿಬಿಡುತ್ತದೆ. ಹೊರತೆಗೆದ ಮೇಲೆ ಹದಿನೈದು ನಿಮಿಷ ಮುಟ್ಟದೆ ಬಿಡಬೇಕು, ಅಷ್ಟರಲ್ಲಿ ನಡುಭಾಗವೂ ಹಿಡಿದುಕೊಳ್ಳುತ್ತದೆ.

ನಮ್ಮ ಊಟಕ್ಕೆ ಬರುವ ನೆರೆಹೊರೆಯವರಲ್ಲಿ ಮೊಟ್ಟೆ ತಿನ್ನದವರೇ ಹೆಚ್ಚು. ಅವರಿಗಾಗಿ ಮಾಡುವ ತಟ್ಟೆಗೆ ನಾನು ಅಗಸೆ ಬೀಜವನ್ನು ಬಳಸುತ್ತೇನೆ. ಅಗಸೆ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ, ಇಲ್ಲದ ಮನೆ ಈ ಕಡೆ ಅಪರೂಪವಾದ್ದರಿಂದ ಅದನ್ನು ಹುಡುಕಬೇಕಾಗಿಲ್ಲ. ಆದರೆ ಇದಕ್ಕೆ ಉಪ್ಪು ಖಾರ ಬೆರೆಸಿದ ಹಿಂಡಿಯಲ್ಲ, ಹುರಿಯದ ಬೀಜದ ಪುಡಿ ಬೇಕು. ಎರಡು ಮೊಟ್ಟೆಗೆ ಬದಲಾಗಿ ಎರಡು ದೊಡ್ಡ ಚಮಚ ಪುಡಿಯನ್ನು ಆರು ದೊಡ್ಡ ಚಮಚ ಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ಬಿಟ್ಟರೆ ಲೋಳೆಯಾಗಿ ಕೂಡಿಕೊಳ್ಳುತ್ತದೆ. ಮೊಟ್ಟೆ ಹಿಡಿಯುವಷ್ಟು ಗಟ್ಟಿಯಾಗಿ ಅದು ಹಿಡಿಯುವುದಿಲ್ಲ. ಅದಕ್ಕೆಂದೇ ಮೈದಾವನ್ನು 20 ಗ್ರಾಂ ಹೆಚ್ಚಿಸಿ, ಮಿಶ್ರಣವನ್ನು ಇನ್ನೂ ತೆಳುವಾಗಿ ಹರಡಿ, ಸುಮಾರು ಹತ್ತು ನಿಮಿಷ ಹೆಚ್ಚು ಬೇಯಿಸುತ್ತೇನೆ. ಬಣ್ಣ ತುಸು ಕಪ್ಪಾಗಿ, ರುಚಿಗೆ ಅಗಸೆಯ ಘಮ ಸೇರುತ್ತದೆ. ಖಡಕ್ ರೊಟ್ಟಿಯ ಜೊತೆಗೆ ನನಗೆ ಈ ತಟ್ಟೆಯೇ ಹೆಚ್ಚು ಹಿಡಿಸುತ್ತದೆ. ಎರಡನ್ನೂ ಒಂದೇ ದಿನ ಮಾಡುವಾಗ ಅಗಸೆಯದನ್ನು ಮೊದಲು ಕಲಸಿ ಬೇಯಿಸಿ, ಚಮಚ ಪಾತ್ರೆಗಳನ್ನು ಬೇರೆಯಾಗಿಯೇ ಇಡುತ್ತೇನೆ, ಬಡಿಸುವಾಗಲೂ ಎರಡು ಮೇಜಿನ ಎರಡು ಕಡೆ ಇರುತ್ತವೆ.

ಓವನ್ ಇಲ್ಲದವರು ಅಗಲವಾದ ದಪ್ಪ ಪಾತ್ರೆಯ ತಳಕ್ಕೆ ಉಪ್ಪು ಹರವಿ, ಅದರೊಳಗೆ ಒಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಮಿಶ್ರಣದ ತಟ್ಟೆಯನ್ನು ಇಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಒಂದು ಗಂಟೆಯವರೆಗೆ ಬೇಯಿಸಬಹುದು. ಮುಚ್ಚಳದ ಒಳಗೆ ಬಟ್ಟೆ ಕಟ್ಟಿದರೆ ಹಬೆಯ ಹನಿ ಮೇಲೆ ಬೀಳುವುದಿಲ್ಲ. ಬಟ್ಟೆಯ ಅಂಚು ಉರಿಗೆ ತಾಗದಂತೆ ಮೇಲೆತ್ತಿ ಗಂಟು ಹಾಕಬೇಕು. ಈ ವಿಧಾನದಲ್ಲಿ ಮೇಲ್ಭಾಗ ಕೆಂಪಗಾಗುವುದಿಲ್ಲವಾದ್ದರಿಂದ ಬ್ಯಾಡಗಿ ಬೆಣ್ಣೆಯನ್ನು ಇಳಿಸಿದ ಮೇಲೆ ಸವರಿದರೆ ಸಾಕು.

ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಚೆನ್ನಾಗಿರುತ್ತದೆ. ಅಷ್ಟು ಹೊತ್ತಿಗೆ ಅದು ಬಿಗಿಯಾಗಿರುವುದರಿಂದ ಚೌಕವಾಗಿ ಕತ್ತರಿಸಿ, ಕಾದ ಹಂಚಿನ ಮೇಲೆ ಬೆಣ್ಣೆ ಹಾಕಿ ಎರಡೂ ಕಡೆ ಗರಿಗರಿಯಾಗುವಂತೆ ಕಾಯಿಸಿ, ಶೇಂಗಾ ಚಟ್ನಿ ಮತ್ತು ಮೊಸರಿನೊಂದಿಗೆ ಮರುದಿನದ ನಾಷ್ಟಾಕ್ಕೆ ಕೊಡುತ್ತೇನೆ. ಹಂಚಿನ ಮೇಲೆ ತಿರುವಿಹಾಕುವಾಗ ಮೊಟ್ಟೆಯದು ಒಡೆಯದೆ ಬರುತ್ತದೆ, ಅಗಸೆಯದನ್ನು ಸ್ವಲ್ಪ ದೊಡ್ಡ ತುಂಡುಗಳಾಗಿ ಕತ್ತರಿಸಿಕೊಳ್ಳುವುದು ಒಳ್ಳೆಯದು.