ಇಂಗ್ಲೆಂಡಿನ ರಿಸೆಪ್ಷನ್ ಮತ್ತು ಇಯರ್ ಒನ್: ವಾರವಾರಕ್ಕೂ ಮಗು ಏನು ಕಲಿಯುತ್ತದೆ, ಮನೆಯಲ್ಲಿ ನೀವು ಏನು ಮಾಡಬೇಕು

ಇಂಗ್ಲೆಂಡಿಗೆ ಹೊಸದಾಗಿ ಬಂದ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಟೆಕ್ಸ್ಟ್ ಬುಕ್ ಎಲ್ಲಿ ಎಂದು. ಇಲ್ಲಿ ಟೆಕ್ಸ್ಟ್ ಬುಕ್ ಇಲ್ಲ. ಮಗು ಮನೆಗೆ ತರುವುದು ತೆಳ್ಳನೆಯ ಒಂದು ಬುಕ್ ಬ್ಯಾಗ್. ಅದರೊಳಗೆ ಒಂದೆರಡು ಓದುವ ಪುಸ್ತಕ, ರೀಡಿಂಗ್ ರೆಕಾರ್ಡ್ ಎಂಬ ಪುಟ್ಟ ನೋಟ್‌ಬುಕ್. ಅದನ್ನು ನೋಡಿ ಶಾಲೆಯಲ್ಲಿ ಬರೀ ಆಟ ಆಡಿಸುತ್ತಾರೆ ಎಂದುಕೊಳ್ಳಬೇಡಿ. ವಾರವಾರಕ್ಕೂ ಬಿಗಿಯಾದ ಕ್ರಮ ಇದೆ. ಆ ಕ್ರಮ ತಿಳಿದುಕೊಂಡು ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಕೂತರೆ ಸಾಕು. ತಿಳಿಯದೆ ಗಂಟೆಗಟ್ಟಲೆ ಕೂರಿಸಿ ಹೇಳಿಕೊಟ್ಟರೆ, ಮಗು ಶಾಲೆಯಲ್ಲಿ ಒಂದು ರೀತಿ, ಮನೆಯಲ್ಲಿ ಇನ್ನೊಂದು ರೀತಿ ಕಲಿತು ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಬರೆದಿರುವುದು ಇಂಗ್ಲೆಂಡಿನ ಸರ್ಕಾರಿ ಶಾಲೆಗಳ ಮೊದಲ ಎರಡು ವರ್ಷ, ಅಂದರೆ ರಿಸೆಪ್ಷನ್ ಮತ್ತು ಇಯರ್ ಒನ್ ಬಗ್ಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಪಠ್ಯಕ್ರಮ ಬೇರೆ.

ತರಗತಿ ನಿರ್ಧಾರವಾಗುವುದು ವಯಸ್ಸಿನಿಂದ. ಪ್ರವೇಶ ಪರೀಕ್ಷೆ ಇಲ್ಲ. ಆಗಸ್ಟ್ 31ರೊಳಗೆ ನಾಲ್ಕು ತುಂಬಿದ ಮಗು ಆ ಸೆಪ್ಟೆಂಬರಿಗೆ ರಿಸೆಪ್ಷನ್, ಐದು ತುಂಬಿದ್ದರೆ ಇಯರ್ ಒನ್, ಆರು ತುಂಬಿದ್ದರೆ ಇಯರ್ ಟೂ. ಅಂದರೆ ಬೆಂಗಳೂರಿನಲ್ಲಿ ಯುಕೆಜಿ ಮುಗಿಸಿ ಒಂದನೇ ಕ್ಲಾಸಿಗೆ ಹೋಗಬೇಕಿದ್ದ ಮಗು ಇಲ್ಲಿ ನೇರ ಇಯರ್ ಟೂನಲ್ಲಿ ಕೂರಬಹುದು. ಆಗ ಅದಕ್ಕೆ ಈ ಎರಡು ವರ್ಷದ ಫೋನಿಕ್ಸ್, ಅಂದರೆ ಅಕ್ಷರಗಳ ಧ್ವನಿ ಕೂಡಿಸಿ ಓದುವ ಪಾಠ, ತಪ್ಪಿಹೋಗಿರುತ್ತದೆ. ಅಂಥ ಮಕ್ಕಳಿಗೆ ಶಾಲೆಯಲ್ಲಿ ಪ್ರತ್ಯೇಕ ಫೋನಿಕ್ಸ್ ಗುಂಪು ಇದೆಯೇ ಎಂದು ಮೊದಲ ವಾರವೇ ಕೇಳಿ. ವರ್ಷದ ಮಧ್ಯೆ ಬಂದವರು ಮೊದಲು ಕೌನ್ಸಿಲ್ (ಸ್ಥಳೀಯ ಆಡಳಿತ) ವೆಬ್‌ಸೈಟಿನಲ್ಲಿ ಇನ್-ಇಯರ್ ಅಡ್ಮಿಷನ್ ನೋಡಬೇಕು. ಕೆಲವು ಶಾಲೆಗಳು ಅರ್ಜಿಯನ್ನು ತಾವೇ ತೆಗೆದುಕೊಳ್ಳುತ್ತವೆ.

ವರ್ಷಕ್ಕೆ ಮೂರು ಟರ್ಮ್, ಒಂದೊಂದು ಟರ್ಮಿನ ಮಧ್ಯದಲ್ಲಿ ಹಾಫ್ ಟರ್ಮ್ ರಜೆ, ಒಟ್ಟು 190 ದಿನ ಪಾಠ. ಆ ರಜೆಯ ಆಚೀಚಿನ ಪಾಠದ ತುಂಡಿಗೂ ಹಾಫ್ ಟರ್ಮ್ ಎಂದೇ ಹೆಸರು, ಅದು ಐದರಿಂದ ಎಂಟು ವಾರ. ಟೀಚರ್‌ಗಳ ಯೋಜನೆಯೆಲ್ಲ ಈ ತುಂಡುಗಳ ಲೆಕ್ಕದಲ್ಲೇ ಇರುತ್ತದೆ.

ರಿಸೆಪ್ಷನ್: ಸೆಪ್ಟೆಂಬರಿನಿಂದ ಕ್ರಿಸ್‌ಮಸ್

ಮೊದಲ ಆರು ವಾರದೊಳಗೆ ಟೀಚರ್ ಪ್ರತಿ ಮಗುವನ್ನೂ ಪಕ್ಕಕ್ಕೆ ಕೂರಿಸಿಕೊಂಡು ಸುಮಾರು ಇಪ್ಪತ್ತು ನಿಮಿಷ ಬೇಸ್‌ಲೈನ್ ಅಸೆಸ್‌ಮೆಂಟ್ ಮಾಡುತ್ತಾರೆ, ಅಂದರೆ ಶಾಲೆ ಸೇರುವಾಗ ಮಗುವಿಗೆ ಏನು ಬರುತ್ತದೆ ಎಂದು ನೋಡುತ್ತಾರೆ. 2021ರಿಂದ ಇದು ಕಡ್ಡಾಯ. ಇದರಲ್ಲಿ ಪಾಸು ಫೇಲು ಇಲ್ಲ, ಅಂಕವನ್ನು ನಿಮಗೆ ಹೇಳುವುದೂ ಇಲ್ಲ. ಇದಕ್ಕೆ ತಯಾರಿ ಮಾಡಿಸಬೇಡಿ.

ನಿಜವಾದ ಪಾಠ ಶುರುವಾಗುವುದು ಫೋನಿಕ್ಸಿನಿಂದ. ದಿನವೂ ಇಪ್ಪತ್ತು ಮೂವತ್ತು ನಿಮಿಷ. ವಾರಕ್ಕೆ ಸಾಮಾನ್ಯವಾಗಿ ನಾಲ್ಕು ಹೊಸ ಧ್ವನಿ, ಶುಕ್ರವಾರ ಮೆಲುಕು. ಎಬಿಸಿಡಿ ಕ್ರಮದಲ್ಲಿ ಅಲ್ಲ. ಬಹಳಷ್ಟು ಶಾಲೆಗಳಲ್ಲಿ ಮೊದಲ ವಾರ ಎಸ್, ಎ, ಟಿ, ಪಿ. ಎರಡನೇ ವಾರ ಐ, ಎನ್, ಎಂ, ಡಿ. ಮೂರನೇ ವಾರ ಜಿ, ಓ, ಸಿ, ಕೆ. ರೀಡ್ ರೈಟ್ ಇಂಕ್ ಎಂಬ ಇನ್ನೊಂದು ಫೋನಿಕ್ಸ್ ಪದ್ಧತಿ ಹಿಡಿದ ಶಾಲೆಯಾದರೆ ಎಂ, ಎ, ಎಸ್, ಡಿ, ಟಿ ಮೊದಲು. ಈ ಆಯ್ಕೆಗೆ ಕಾರಣ ಇದೆ: ಮೊದಲ ನಾಲ್ಕು ಅಕ್ಷರ ಬಂದ ಕೂಡಲೇ ಟ್ಯಾಪ್, ಸ್ಯಾಟ್, ಪ್ಯಾಟ್ ಎಂದು ಪದ ಕಟ್ಟಬಹುದು, ಎರಡನೇ ವಾರಕ್ಕೆ ಪಿನ್, ಮ್ಯಾಟ್, ಡಿಪ್ ಸೇರುತ್ತವೆ. ಮಗು ಮೂರನೇ ವಾರಕ್ಕೇ ಓದತೊಡಗುತ್ತದೆ.

ನಮ್ಮವರ ಮನೆಗಳಲ್ಲಿ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಶಾಲೆಯಲ್ಲಿ ಕಲಿಸುವುದು ಅಕ್ಷರದ ಹೆಸರನ್ನಲ್ಲ, ಧ್ವನಿಯನ್ನು. ಎಂ ಎಂಬ ಅಕ್ಷರ ತೋರಿಸಿದರೆ ಮಗು "ಮ್ಮ್ಮ್" ಎನ್ನಬೇಕು. ನಾವು ಕನ್ನಡದ ರೂಢಿಯಲ್ಲಿ "ಮ" ಎಂದು ಹೇಳಿಸಿಬಿಡುತ್ತೇವೆ, ನಮ್ಮ ವ್ಯಂಜನಗಳನ್ನು ಕಲಿಸುವುದೇ ಅಕಾರ ಸೇರಿಸಿ. "ಮ, ಆ್ಯ, ಟ" ಎಂದು ಮಗು ಎಷ್ಟು ಬೇಗ ಹೇಳಿದರೂ ಮ್ಯಾಟ್ ಹುಟ್ಟುವುದಿಲ್ಲ. "ಮ್, ಆ್ಯ, ಟ್" ಎಂದರೆ ತಾನಾಗಿ ಕೂಡಿಕೊಳ್ಳುತ್ತದೆ. ಟೀಚರ್‌ಗಳು ಇಂಗ್ಲಿಷ್ ಪೋಷಕರಿಗೂ ಇದನ್ನೇ ಹೇಳಿ ಹೇಳಿ ಸುಸ್ತಾಗಿರುತ್ತಾರೆ. ನಮಗೆ ಒಂದು ಅನುಕೂಲ ಉಂಟು: ಸ್ವರವಿಲ್ಲದ ವ್ಯಂಜನವನ್ನು ಬರೆದು ತೋರಿಸುವ ವ್ಯವಸ್ಥೆ ನಮ್ಮ ಲಿಪಿಯಲ್ಲೇ ಇದೆ. ಶಾಲೆಯಿಂದ ಬಂದ ಫೋನಿಕ್ಸ್ ಕಾರ್ಡುಗಳ ಹಿಂದೆ ಪೆನ್ಸಿಲಿನಲ್ಲಿ ಸ್, ಮ್, ಟ್, ಪ್ ಎಂದು ಬರೆದುಕೊಳ್ಳಿ. ಅದು ಮಗುವಿಗಲ್ಲ, ಹೇಳಿಕೊಡುವ ಅಪ್ಪನಿಗೆ, ಊರಿಂದ ಬಂದ ಅಜ್ಜಿಗೆ. ಸ್, ಮ್, ನ್, ಫ್, ಲ್ ಇವನ್ನು ಎಳೆದು ಹೇಳಬಹುದು. ಟ್, ಪ್, ಕ್, ಡ್, ಗ್ ಇವನ್ನು ಎಳೆಯಲು ಹೋದರೆ ಸ್ವರ ಸೇರಿಕೊಳ್ಳುತ್ತದೆ, ಚುಟುಕಾಗಿ ನಿಲ್ಲಿಸಿ.

ಇನ್ನೆರಡು ಕಡೆ ಕಿವಿಗೊಡಿ. ಒಂದು, ವಿ ಮತ್ತು ಡಬ್ಲ್ಯೂ. ಕನ್ನಡದಲ್ಲಿ ಎರಡಕ್ಕೂ ವಕಾರವೇ. ಇಲ್ಲಿ ವಿ ಎಂದರೆ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು, ಡಬ್ಲ್ಯೂ ಎಂದರೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ಕನ್ನಡಿ ಮುಂದೆ ನಿಲ್ಲಿಸಿ ವಿ ಇರುವ ವ್ಯಾನ್, ಡಬ್ಲ್ಯೂ ಇರುವ ವೆಟ್ (ಒದ್ದೆ) ಎರಡನ್ನೂ ಹೇಳಿಸಿ. ತುಟಿ ನೋಡಿದರೆ ಮಗುವಿಗೆ ಒಂದು ನಿಮಿಷದಲ್ಲಿ ಹತ್ತುತ್ತದೆ. ಎರಡು, ಪದದ ಮೊದಲಲ್ಲಿ ಬರುವ ಎಕಾರ. ನಾವು ಎಗ್ ಅನ್ನು ಯೆಗ್ ಎಂದುಬಿಡುತ್ತೇವೆ, ಮಗು ಬರೆಯುವಾಗ ಮುಂದೆ ವೈ ಸೇರಿಸುತ್ತದೆ. ಬಸ್ಸು, ಕಾರು, ಬುಕ್ಕು ಎಂದು ಮನೆಯಲ್ಲಿ ಕನ್ನಡ ಆಡುವಾಗ ಉಕಾರ ಬಂದರೆ ಚಿಂತೆ ಬೇಡ. ಮಕ್ಕಳು ಕನ್ನಡಕ್ಕೊಂದು, ಶಾಲೆಗೊಂದು ಎಂದು ಬಹಳ ಬೇಗ ಬೇರ್ಪಡಿಸಿಕೊಳ್ಳುತ್ತಾರೆ. ಶಾಲೆಗೆ ತೊಂದರೆ ಆಗುತ್ತದೆಂದು ಮನೆಯ ಕನ್ನಡ ನಿಲ್ಲಿಸುವುದು ಮಾತ್ರ ದೊಡ್ಡ ನಷ್ಟ. ಶಾಲೆಗಳೂ ಮನೆಮಾತನ್ನು ಮುಂದುವರಿಸಿ ಎಂದೇ ಹೇಳುತ್ತವೆ.

ಬುಕ್ ಬ್ಯಾಗಿನಲ್ಲಿ ಬರುವ ಪುಸ್ತಕ ಎರಡು ಬಗೆ. ಒಂದು, ಇದುವರೆಗೆ ಕಲಿತ ಧ್ವನಿಗಳಷ್ಟೇ ಇರುವ ಪುಸ್ತಕ. ಅದನ್ನು ಮಗು ಓದಬೇಕು. ಇನ್ನೊಂದು ಲೈಬ್ರರಿ ಪುಸ್ತಕ. ಅದನ್ನು ನೀವು ಓದಿ ಹೇಳಬೇಕು, ಕನ್ನಡದಲ್ಲಿ ಕಥೆಯಾಗಿ ಹೇಳಿದರೂ ಸರಿ. ಇವೆರಡನ್ನು ಅದಲುಬದಲು ಮಾಡಿದರೆ ಮಗುವಿಗೆ ಓದೆಂದರೆ ಭಯ ಹುಟ್ಟುತ್ತದೆ. ಮೊದಲ ಬಗೆಯ ಪುಸ್ತಕ ಬಹಳ ಸುಲಭ ಎನಿಸಿದರೂ ಮೇಲಿನ ಲೆವೆಲ್ ಕೊಡಿ ಎಂದು ಟೀಚರನ್ನು ಒತ್ತಾಯಿಸಬೇಡಿ. ಅದೇ ಪುಸ್ತಕವನ್ನು ವಾರದಲ್ಲಿ ಮೂರು ಸಲ ಓದಿಸಬೇಕು: ಮೊದಲ ಸಲ ಅಕ್ಷರ ಕೂಡಿಸಲು, ಎರಡನೇ ಸಲ ಮಾತಿನ ಓಘ ಬರಲು, ಮೂರನೇ ಸಲ ಅರ್ಥ ಕೇಳಲು. ಓದಿಸಿದ ದಿನ ರೀಡಿಂಗ್ ರೆಕಾರ್ಡಿನಲ್ಲಿ ದಿನಾಂಕ, ಎಡವಿದ ಪದ, ನಿಮ್ಮ ಸಹಿ. "ಗುಡ್" ಎಂದು ಬರೆಯುವುದಕ್ಕಿಂತ ಯಾವ ಪದಕ್ಕೆ ತಡವರಿಸಿತು ಎಂದು ಬರೆದರೆ ಟೀಚರಿಗೆ ಉಪಯೋಗ.

ಟ್ರಿಕಿ ವರ್ಡ್ಸ್ ಎಂದು ಪ್ರತ್ಯೇಕ ಪಟ್ಟಿ ಬರುತ್ತದೆ: ದ, ವಾಸ್, ಸೆಡ್, ಟು, ಐ. ಇವು ಪೂರ್ತಿ ಕೂಡಿಸಿದರೆ ಸರಿ ಬರುವುದಿಲ್ಲ. ಹಾಗೆಂದು ಇಡೀ ಪದವನ್ನು ಬಾಯಿಪಾಠ ಮಾಡಿಸಬೇಡಿ. ಸೆಡ್‌ನಲ್ಲಿ ಎಸ್, ಡಿ ಎರಡೂ ಹೇಳಿದ ಹಾಗೇ ನಡೆದುಕೊಳ್ಳುತ್ತವೆ. ತೊಡಕು ಇರುವುದು ನಡುವಿನ ಎ, ಐ ಜೋಡಿಯಲ್ಲಿ. ಅಷ್ಟನ್ನು ಬೆರಳಿಟ್ಟು ತೋರಿಸಿ.

ಜನವರಿಯಿಂದ ಜುಲೈ

ನವೆಂಬರ್ ಹೊತ್ತಿಗೋ ಜನವರಿಗೋ ಎರಡು ಅಕ್ಷರ ಸೇರಿ ಒಂದು ಧ್ವನಿ ಆಗುವುದು ಶುರುವಾಗುತ್ತದೆ. ಎಸ್-ಎಚ್ ಸೇರಿ ಶ್, ಸಿ-ಎಚ್ ಸೇರಿ ಚ್, ಡಬಲ್ ಇ ಸೇರಿ ಈ. ಮೂರು ಸೇರಿ ಒಂದು ಧ್ವನಿಯೂ ಉಂಟು, ನೈಟ್‌ನ ಐ-ಜಿ-ಎಚ್. ಬೇಸಿಗೆ ಟರ್ಮಿನಲ್ಲಿ ಹೊಸ ಧ್ವನಿ ಕಡಿಮೆ. ಫ್ರಾಗ್, ಮಿಲ್ಕ್, ಹ್ಯಾಂಡ್ ಥರ ವ್ಯಂಜನ ಒತ್ತಾಗಿ ಬರುವ ಪದಗಳ ಅಭ್ಯಾಸ. ಒತ್ತಕ್ಷರ ಆಡುವ ನಮ್ಮ ಮಕ್ಕಳಿಗೆ ಇದು ಕಷ್ಟವಾಗುವುದಿಲ್ಲ. ಜೂನ್ ಕೊನೆಗೆ ಟೀಚರ್ 17 ಅರ್ಲಿ ಲರ್ನಿಂಗ್ ಗೋಲ್‌ಗಳನ್ನು (ರಿಸೆಪ್ಷನ್ ಮುಗಿಯುವಾಗ ಮುಟ್ಟಬೇಕಾದ ಗುರಿಗಳು) ಇಟ್ಟುಕೊಂಡು ಮಗು ಎಲ್ಲಿದೆ ಎಂದು ಬರೆಯುತ್ತಾರೆ. ಅದರಲ್ಲಿ ತಾನೇ ಕೋಟು ಹಾಕಿಕೊಳ್ಳುವುದು, ಟಾಯ್ಲೆಟ್ಟಿಗೆ ಹೋಗಿಬರುವುದು, ಸರದಿಗೆ ಕಾಯುವುದು ಇವಕ್ಕೂ ಓದಿನಷ್ಟೇ ತೂಕ. ತುತ್ತು ಮಾಡಿ ತಿನ್ನಿಸುವ ಮನೆಗಳು ಸೆಪ್ಟೆಂಬರಿಗೆ ಮುಂಚೆಯೇ ಚಮಚ, ಫೋರ್ಕು ಹಿಡಿಯುವುದನ್ನು ರೂಢಿ ಮಾಡಿಸಿ. ರಿಸೆಪ್ಷನ್‌ನಿಂದ ಇಯರ್ ಟೂವರೆಗೆ ಶಾಲೆಯ ಊಟ ಎಲ್ಲರಿಗೂ ಉಚಿತ. ಮೊಟ್ಟೆಯೂ ಬೇಡವಾದರೆ ಆಫೀಸಿಗೆ ಬರೆದುಕೊಡಿ, ಬರೀ ವೆಜಿಟೇರಿಯನ್ ಎಂದರೆ ಮೊಟ್ಟೆ ಸೇರುತ್ತದೆ.

ಬರವಣಿಗೆಯಲ್ಲಿ ಸಣ್ಣ ಅಕ್ಷರ ಮೊದಲು. ಮಗುವಿನ ಹೆಸರನ್ನು ಪೂರಾ ಕ್ಯಾಪಿಟಲ್‌ನಲ್ಲಿ ಕಲಿಸಿ ಕಳಿಸಿದರೆ ಅದನ್ನು ಬಿಡಿಸಲು ಟೀಚರಿಗೆ ತಿಂಗಳುಗಟ್ಟಲೆ ಬೇಕು. ಮೊದಲ ಅಕ್ಷರ ಮಾತ್ರ ಕ್ಯಾಪಿಟಲ್. ಸಿ, ಎ, ಡಿ, ಓ, ಜಿ ಒಂದು ಕುಟುಂಬ, ಎಲ್ಲವೂ ಸಿ ಆಕಾರದಿಂದ ಶುರುವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗುತ್ತವೆ. ಓ ಅನ್ನು ಕೆಳಗಿನಿಂದ ಸುತ್ತಿದರೂ ನೋಡಲು ಓ ತರಹವೇ ಕಾಣುತ್ತದೆ, ಆದರೆ ಮುಂದೆ ಕೂಡಕ್ಷರ ಬರೆಯುವಾಗ ಕೈ ತೊಡರುತ್ತದೆ. ಆಕಾರ ನೋಡಬೇಡಿ, ಎಲ್ಲಿ ಶುರು ಮಾಡಿತು ಎಂದು ನೋಡಿ.

ಇಯರ್ ಒನ್: ಜೂನ್ ತಿಂಗಳ ಪರೀಕ್ಷೆ

ಇಯರ್ ಒನ್‌ನಲ್ಲಿ ಒಂದೇ ಧ್ವನಿಗೆ ಹಲವು ಸ್ಪೆಲಿಂಗ್ ಬರುತ್ತವೆ. ಏ ಎಂಬ ಧ್ವನಿ ರೇನ್‌ನಲ್ಲಿ ಎ-ಐ, ಡೇಯಲ್ಲಿ ಎ-ವೈ, ಕೇಕ್‌ನಲ್ಲಿ ಎ ಮತ್ತು ಇ ನಡುವೆ ಕೆ ನುಗ್ಗಿರುತ್ತದೆ. ಮಗು ರೇನ್ ಅನ್ನು ಆರ್-ಎ-ಎನ್-ಇ ಎಂದು ಬರೆದು ತಂದರೆ, ಟೀಚರ್ ತಿದ್ದಿಲ್ಲ ಎಂದು ದೂರಬೇಡಿ. ಕಲಿತ ನಿಯಮವನ್ನು ಮಗು ಸರಿಯಾಗಿಯೇ ಬಳಸಿದೆ. ಯಾವ ಪದಕ್ಕೆ ಯಾವ ಸ್ಪೆಲಿಂಗ್ ಎಂಬುದು ಓದುತ್ತಾ ಓದುತ್ತಾ ನೆಲೆಯಾಗುತ್ತದೆ.

ಜೂನ್‌ನಲ್ಲಿ ಫೋನಿಕ್ಸ್ ಸ್ಕ್ರೀನಿಂಗ್ ಚೆಕ್. 2012ರಿಂದ ನಡೆಯುತ್ತಿದೆ. ಪರಿಚಯದ ಟೀಚರ್ ಜೊತೆ ಒಬ್ಬೊಬ್ಬರೇ ಕೂತು 40 ಪದ ಓದಬೇಕು. 20 ನಿಜವಾದ ಪದ, 20 ಅರ್ಥವಿಲ್ಲದ ಪದ. ಅರ್ಥವಿಲ್ಲದ್ದರ ಪಕ್ಕ ಏಲಿಯನ್ ಚಿತ್ರ ಇರುತ್ತದೆ. ಇದುವರೆಗೆ 32 ಪದ ಸರಿಯಾಗಿ ಓದಿದರೆ ಬೇಕಾದ ಮಟ್ಟ ಮುಟ್ಟಿದಂತೆ. ಅದು ಬರದಿದ್ದರೆ ಇಯರ್ ಟೂನಲ್ಲಿ ಮತ್ತೆ.

ಚೆನ್ನಾಗಿ ಓದುವ ಮಕ್ಕಳೂ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಪದದ ಆಕಾರ ನೋಡಿ ಊಹಿಸುವ ಮಗು ಸ್ಟ್ರಾಮ್ ಎಂದಿದ್ದರೆ ಸ್ಟಾರ್ಮ್ ಎಂದು ಓದಿಬಿಡುತ್ತದೆ. ಯುಕೆಜಿಯಲ್ಲಿ ಪದಗಳನ್ನು ಬಾಯಿಪಾಠ ಮಾಡಿ ಬಂದ ಮಕ್ಕಳಲ್ಲಿ ಇದು ಹೆಚ್ಚು. ಮೇ ತಿಂಗಳಲ್ಲಿ ದಿನಕ್ಕೆ ಐದು ಸುಳ್ಳುಪದ ಬರೆದು ಓದಿಸಿ, ಪ್ರತಿ ಅಕ್ಷರದ ಕೆಳಗೆ ಬೆರಳಿಡಲಿ. ಧ್ವನಿಗಳನ್ನು ಬಿಡಿಬಿಡಿಯಾಗಿ ಹೇಳಿ ನಿಲ್ಲಿಸಿದರೆ ಅಂಕ ಇಲ್ಲ. ಕೊನೆಗೆ ಕೂಡಿಸಿ ಪೂರ್ತಿ ಪದ ಹೇಳಲೇಬೇಕು. ಮಗುವಿನ ಉಚ್ಚಾರಣೆಯ ಧಾಟಿಯನ್ನು ಟೀಚರ್ ಗಣನೆಗೆ ತೆಗೆದುಕೊಳ್ಳಬೇಕೆಂಬ ನಿಯಮ ಇದೆ, ಆದ್ದರಿಂದ ಆ ಭಯ ಬೇಡ.

ಲೆಕ್ಕ

ಅನೇಕ ಶಾಲೆಗಳು ವೈಟ್ ರೋಸ್ ಎಂಬ ಲೆಕ್ಕದ ಪಾಠಯೋಜನೆ ಅನುಸರಿಸುತ್ತವೆ. ಅದರ ಪ್ರಕಾರ ಇಯರ್ ಒನ್‌ನಲ್ಲಿ ಮೊದಲ ಐದು ವಾರ ಹತ್ತರೊಳಗಿನ ಸಂಖ್ಯೆ, ಮುಂದಿನ ಐದು ವಾರ ಹತ್ತರೊಳಗೆ ಕೂಡುವುದು ಕಳೆಯುವುದು. ನೂರರವರೆಗೆ ಗಡಗಡ ಹೇಳುವ ಮಗುವಿಗೆ ಹತ್ತು ವಾರ ಹತ್ತರಲ್ಲೇ ಏಕೆ ಎಂದು ಪೋಷಕರು ಚಡಪಡಿಸುತ್ತಾರೆ. ಹೇಳುವುದು ಬೇರೆ, ಏಳು ಎಂದರೆ ನಾಲ್ಕು ಮೂರು, ಐದು ಎರಡು, ಆರು ಒಂದು ಎಂದು ಬೆರಳೆಣಿಸದೆ ಹೊಳೆಯುವುದು ಬೇರೆ. ಜನವರಿಯಿಂದ ಇಪ್ಪತ್ತು, ಆಮೇಲೆ ಐವತ್ತು, ಉದ್ದ, ತೂಕ. ಬೇಸಿಗೆಗೆ ಎರಡು, ಐದು, ಹತ್ತರ ಗುಂಪು, ಅರ್ಧ ಕಾಲು, ನೂರರವರೆಗಿನ ಸಂಖ್ಯೆ, ನಾಣ್ಯ, ಗಡಿಯಾರದಲ್ಲಿ ಗಂಟೆ ಮತ್ತು ಅರ್ಧಗಂಟೆ.

ಒಂದರ ಕೆಳಗೊಂದು ಬರೆದು ದಶಕ ತರುವ ಲೆಕ್ಕವನ್ನು ಈ ವರ್ಷ ಹೇಳಿಕೊಡಬೇಡಿ. 13ರಲ್ಲಿ 8 ಕಳೆಯುವಾಗ ಶಾಲೆ ಮೊದಲು 3 ತೆಗೆದು ಹತ್ತಕ್ಕೆ ಬಂದು, ಆಮೇಲೆ 5 ತೆಗೆಯಲು ಕಲಿಸುತ್ತಿರುತ್ತದೆ. ಮೇಲೆ ಕೆಳಗೆ ಬರೆಯುವ ದಾರಿ ಸಿಕ್ಕಿದ ಮಗು ಇದನ್ನು ಬಿಟ್ಟುಬಿಡುತ್ತದೆ, ಮುಂದೆ ಮನಸ್ಸಿನಲ್ಲೇ ಲೆಕ್ಕ ಮಾಡಲು ಕಷ್ಟಪಡುತ್ತದೆ. ಮಗ್ಗಿಗೂ ಆತುರ ಬೇಡ. ಇಯರ್ ಫೋರ್‌ನ ಜೂನ್‌ನಲ್ಲಿ 12ರ ಮಗ್ಗಿವರೆಗೆ 25 ಪ್ರಶ್ನೆಗಳ ಚೆಕ್ ಇದೆ, ಒಂದೊಂದಕ್ಕೆ ಆರು ಸೆಕೆಂಡ್. ಆಗ ನಮ್ಮ ಎರಡೊಂದ್ಲ ಎರಡು ಕೈಹಿಡಿಯುತ್ತದೆ.

ಮನೆಯಲ್ಲಿ ಮಾಡಬಹುದಾದ್ದು ಚೌಕಾಬಾರ. ಕವಡೆ ಚೆಲ್ಲಿ ಎಷ್ಟು ಮೇಲ್ಮುಖ ಎಂದು ಎಣಿಸದೆ ಹೇಳುವುದು ರಿಸೆಪ್ಷನ್‌ನಲ್ಲಿ ಬಯಸುವ ಕೌಶಲವೇ. ಫೋರ್ಟೀನ್ ಎಂದು ಕೇಳಿ 41 ಬರೆಯುವ ಮಗುವಿಗೆ ಕನ್ನಡದಲ್ಲಿ ಎಣಿಸಲು ಹೇಳಿ: ಹದಿನಾಲ್ಕರಲ್ಲಿ ಹತ್ತು ಮುಂದೆ, ನಾಲ್ಕು ಹಿಂದೆ ಇರುವುದರಿಂದ ಅಂಕಿಗಳು ತಾವಾಗಿ ಜಾಗಕ್ಕೆ ಬರುತ್ತವೆ.

ವಿಜ್ಞಾನದಲ್ಲಿ ಋತು, ಗಿಡ, ಪ್ರಾಣಿ, ವಸ್ತುಗಳು; ಚರಿತ್ರೆಯಲ್ಲಿ ಹೆಚ್ಚಿನ ಶಾಲೆಗಳು ಇಯರ್ ಒನ್ ಅಥವಾ ಟೂನಲ್ಲಿ 1666ರ ಲಂಡನ್ ಬೆಂಕಿ ಹೇಳುತ್ತವೆ. ಇವಕ್ಕೆ ಮನೆಪಾಠ ಬೇಕಿಲ್ಲ.

ಪೇರೆಂಟ್ಸ್ ಈವ್ನಿಂಗ್, ಅಂದರೆ ಪೋಷಕರು ಟೀಚರನ್ನು ಭೇಟಿಯಾಗುವುದು, ಸಾಮಾನ್ಯವಾಗಿ ಹತ್ತು ನಿಮಿಷ. ಹೇಗಿದ್ದಾಳೆ ಎಂದು ಕೇಳಿದರೆ ಲವ್ಲಿ ಎಂಬ ಉತ್ತರ ಬರುತ್ತದೆ. ಅದರ ಬದಲು, ಈಗ ಫೋನಿಕ್ಸಿನ ಯಾವ ಫೇಸ್‌ (ಹಂತ) ನಲ್ಲಿದ್ದಾಳೆ, ಯಾವ ಧ್ವನಿಗಳು ಇನ್ನೂ ಗಟ್ಟಿಯಾಗಿಲ್ಲ, ಎಷ್ಟರವರೆಗೆ ನಂಬರ್ ಬಾಂಡ್ಸ್ (ಏಳಕ್ಕೆ ನಾಲ್ಕು ಮೂರು ಎಂಬಂಥ ಜೋಡಿಗಳು) ಬರುತ್ತವೆ ಎಂದು ಕೇಳಿ.

ಕೊನೆಯದಾಗಿ ಊರಿಗೆ ಹೋಗುವ ವಿಚಾರ. ಟಿಕೆಟ್ ಅಗ್ಗ ಎಂದು ಟರ್ಮ್ ನಡುವೆ ಹೊರಡುವವರು ಎರಡು ಲೆಕ್ಕ ಹಾಕಬೇಕು. ಐದು ತುಂಬಿ ಕಡ್ಡಾಯ ಶಾಲಾ ವಯಸ್ಸಿಗೆ ಬಂದ ಮಗು ಅನುಮತಿಯಿಲ್ಲದೆ ಐದು ದಿನ ತಪ್ಪಿಸಿದರೆ ದಂಡ ಬೀಳಬಹುದು: 2024ರ ಆಗಸ್ಟಿನಿಂದ ಒಂದು ಮಗುವಿಗೆ, ಒಬ್ಬೊಬ್ಬ ಪೋಷಕರಿಗೆ 21 ದಿನದೊಳಗೆ ಕಟ್ಟಿದರೆ 80 ಪೌಂಡ್, ತಡವಾದರೆ 160. ಎರಡು ವಾರಕ್ಕೆ ಏಳೆಂಟು ಧ್ವನಿ ತಪ್ಪುತ್ತವೆ ಎಂಬುದು ಎರಡನೇ ಲೆಕ್ಕ, ಅದಕ್ಕೆ ದಂಡ ಕಟ್ಟಿ ಮುಗಿಸಲಾಗದು. ಮದುವೆಯೋ ಸಾವೋ ಎಂದು ಹೋಗಲೇಬೇಕಾದರೆ ಹೆಡ್‌ಟೀಚರಿಗೆ ಮುಂಚೆಯೇ ಪತ್ರ ಬರೆಯಿರಿ, ಕ್ಲಾಸ್ ಟೀಚರಿಂದ ಆ ವಾರಗಳ ಧ್ವನಿಗಳ ಪಟ್ಟಿ ಕೇಳಿ ತೆಗೆದುಕೊಂಡು, ಫೋನಿಕ್ಸ್ ಕಾರ್ಡುಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.