ಜಿಪ್ಸಿ 80ಕ್ಕೆ ಅದುರುತ್ತಿತ್ತು, ಟೈರ್ ಕಾರಣ ಆಗಿರಲಿಲ್ಲ

ನನ್ನದು 1998ರ ಜಿಪ್ಸಿ ಕಿಂಗ್. ಸಕಲೇಶಪುರದ ತೋಟದ ದಾರಿಯಲ್ಲಿ ಎಂಥಾ ಏರಿಗೂ ಹಿಂಜರಿಯದ ಗಾಡಿ. ಆದರೆ ಹಾಸನ ದಾಟಿ ಬೆಂಗಳೂರು ಹೈವೇಗೆ ಬಿದ್ದು 75 ಮುಟ್ಟಿದರೆ ಸಾಕು, ಸೀಟಿನ ಕೆಳಗೆ ಗುಂಯ್ ಅಂತ ಶುರುವಾಗುತ್ತಿತ್ತು. 80ರಲ್ಲಿ ಕನ್ನಡಿಯೊಳಗೆ ಹಿಂದಿನ ಲಾರಿ ಎರಡೆರಡು ಕಾಣುತ್ತಿತ್ತು. "ಜಿಪ್ಸಿ ಅಂದ್ರೆ ಹಂಗೇ ಸಾರ್, ಪ್ಲೇಟ್ ಸ್ಪ್ರಿಂಗ್ ಗಾಡಿ, 60ರಲ್ಲಿ ಹೋಗಿ" ಅಂದವರೇ ಎಲ್ಲ. ಈಗ ಅದೇ ಗಾಡಿ 85ರಲ್ಲಿ ಕುಣಿಗಲ್ ದಾಟುತ್ತದೆ, ಕನ್ನಡಿ ಅಲುಗುವುದಿಲ್ಲ.

ಎರಡು ವರ್ಷದಲ್ಲಿ ದುಡ್ಡು ಚೆನ್ನಾಗಿಯೇ ಹೋಯಿತು. ಬ್ಯಾಲೆನ್ಸಿಂಗ್ ಮೂರು ಸಲ. ಆಮೇಲೆ ನಾಲ್ಕು ಹೊಸ ಟೈರ್, 22 ಸಾವಿರದ ಹತ್ತಿರ. ಸ್ಟೀರಿಂಗ್ ಡ್ಯಾಂಪರ್, ಕಿಂಗ್‌ಪಿನ್ ಬೇರಿಂಗ್, ಕೂಲಿ ಸೇರಿ ಇನ್ನೊಂದು ಆರೇಳು ಸಾವಿರ. ಒಂದಿಷ್ಟೂ ವ್ಯತ್ಯಾಸ ಇಲ್ಲ. ನಡುಗುತ್ತಿದ್ದದ್ದು ಸೀಟು, ಸ್ಟೀರಿಂಗ್ ಅಲ್ಲ. ಆಗಲೇ ನಾನು ಮುಂದಿನ ಚಕ್ರ ಬಿಟ್ಟು ಗಾಡಿಯ ಹೊಟ್ಟೆಯ ಕೆಳಗೆ ನೋಡಬೇಕಿತ್ತು.

ನೋಡಿದ್ದು ಟೈರಿಗೆ ಸುರಿದ ಮೇಲೆ. 85ಕ್ಕೆ ಏರಿಸಿ ನ್ಯೂಟ್ರಲ್ ಮಾಡಿ ಬಿಟ್ಟೆ. ಅದುರು ಹಾಗೇ ಇತ್ತು. ಅಂದರೆ ಎಂಜಿನ್ ಅಲ್ಲ. ಮುಂದಿನ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಚಕ್ರದ ಕಡೆಗೆ ಬಲ ಒಯ್ಯುವ ತಿರುಗುವ ದಂಡ, ಬಿಚ್ಚಿಟ್ಟು ಓಡಿಸಿದೆ. ಅದೂ ಅಲ್ಲ. ಹಿಂದಿನದನ್ನು ಇಳಿಸಿದಾಗ ಒಂದು ತಪ್ಪು ಸಿಕ್ಕಿತು. ಯಾವುದೋ ಗ್ಯಾರೇಜಿನಲ್ಲಿ ಕ್ರಾಸ್ (ಶಾಫ್ಟ್ ತುದಿಯ ಮಡಚುವ ಕೀಲು) ಹಾಕಿದವರು ಸ್ಪ್ಲೈನ್, ಅಂದರೆ ಶಾಫ್ಟಿನ ಎರಡು ತುಂಡು ಸೇರುವ ಹಲ್ಲು, ಒಂದು ಹಲ್ಲು ತಪ್ಪಿಸಿ ಕೂರಿಸಿದ್ದರು. ಎರಡು ಕಡೆಯ ಯೋಕ್ (ಕ್ರಾಸ್ ಹಿಡಿಯುವ ಕವೆ) ಒಂದೇ ನೇರಕ್ಕೆ ಇರಲಿಲ್ಲ. ಸರಿ ಮಾಡಿ, ಎರಡೂ ಕ್ರಾಸ್ ಹೊಸದು ಹಾಕಿದೆ. ಸಾವಿರದೊಳಗೆ ಆಯಿತು. ಅದುರು ಅರ್ಧಕ್ಕೆ ಇಳಿಯಿತು. "ಇನ್ನು ಬಿಡಿ, ಸಾಕು" ಅಂದರು. ಅರ್ಧ ಹೋಯಿತು ಅಂದರೆ ಇನ್ನರ್ಧಕ್ಕೂ ಕಾರಣ ಇರಲೇಬೇಕು, ಅಲ್ವಾ?

ಮಧ್ಯೆ ಒಂದು ಭಾನುವಾರ ಹೋಸ್ ಕ್ಲಿಪ್ ಪ್ರಯೋಗವನ್ನೂ ಮಾಡಿದೆ. ಹಿಂದಿನ ಶಾಫ್ಟಿಗೆ ತೂಕ ಸರಿದೂಗಿಸಲು ಪೈಪ್ ಬಿಗಿಯುವ ಎರಡು ಕ್ಲಿಪ್ ಹಾಕಿ, ಕಾಲು ಸುತ್ತು ಸರಿಸಿ ಸರಿಸಿ ಆರು ಸಲ ಓಡಿಸಿದೆ. ನನಗೆ ಫಲ ಸಿಗಲಿಲ್ಲ. ಗೆಳೆಯನ ಹಳೇ ಜೀಪಿಗೆ ಅದೇ ಕ್ಲಿಪ್ಪಿನಲ್ಲಿ ಪೂರ್ತಿ ಸರಿಹೋಯಿತು. ಹಾಗಾಗಿ ಸುಮ್ನೆ ತಳ್ಳಿಹಾಕಬೇಡಿ.

ಉಳಿದದ್ದು ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಗಿಡ್ಡ ಶಾಫ್ಟ್. ಟ್ರಾನ್ಸ್‌ಫರ್ ಕೇಸ್ ಅಂದರೆ ಬಲವನ್ನು ಮುಂದಿನ, ಹಿಂದಿನ ಶಾಫ್ಟಿಗೆ ಹಂಚುವ ಪೆಟ್ಟಿಗೆ. ನಮ್ಮ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಬೇರೆಯೇ ಕೂತಿದೆ. ಹೈನಲ್ಲೂ (ಮಾಮೂಲಿ ರಸ್ತೆಗೆ ಹಾಕುವ ಸ್ಥಾನ) ಅದು ವೇಗ ಇಳಿಸುತ್ತದೆ, ಹಾಗಾಗಿ ಗಿಡ್ಡ ಶಾಫ್ಟ್ ಹಿಂದಿನ ಶಾಫ್ಟಿಗಿಂತ ಸುಮಾರು 1.4 ಪಟ್ಟು ಜೋರಾಗಿ ತಿರುಗುತ್ತದೆ. ಯಾರೂ ಅದರ ಕಡೆ ನೋಡುವುದೇ ಇಲ್ಲ.

ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆ, ಹ್ಯಾಂಡ್‌ಬ್ರೇಕ್ ಎಳೆದೆ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ಗೆ ಹಾಕಿದೆ. ಹಾಗೆ ಮಾಡಿದರೆ ಗಿಡ್ಡ ಶಾಫ್ಟ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಆಮೇಲೆ ಐದನೇ ಗೇರ್ ಹಾಕಿ, 80ರಲ್ಲಿ ಎಂಜಿನ್ ಸದ್ದು ಎಷ್ಟಿರುತ್ತದೋ ಅಷ್ಟಕ್ಕೆ ಎತ್ತಿದೆ. ಗಾಡಿ ನಿಂತಲ್ಲೇ ಇದೆ, ಮೀಟರ್ ಸೊನ್ನೆ, ಸೀಟಿನ ಕೆಳಗೆ ಅದೇ ಗುಂಯ್! ಗೇರ್ ತೆಗೆದು ಅಷ್ಟೇ ಆಕ್ಸಿಲರೇಟರ್ ಕೊಟ್ಟರೆ ನಯವಾಗಿದೆ. ಆ ಸಂಜೆ ಅಂಗಳದಲ್ಲೇ ನಾಲ್ಕು ಸಲ ಮಾಡಿ ನೋಡಿದೆ.

ಕೆಳಗೆ ಮಲಗಿ ಟ್ರಾನ್ಸ್‌ಫರ್ ಕೇಸಿನ ಮೂರು ರಬ್ಬರ್ ಮೌಂಟ್ ನೋಡಿದೆ. ಮೇಲ್ನೋಟಕ್ಕೆ ಮೂರೂ ಗಟ್ಟಿ. ಸಬ್ಬಲ್ ತುದಿ ಕೊಟ್ಟು ಮೀಟಿದಾಗ ಒಂದರ ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡು ಬಾಯಿ ತೆರೆಯಿತು. ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಕೇಸ್ ಆ ಕಡೆಗೆ ಹೆಚ್ಚುಕಮ್ಮಿ 8 ಮಿಮೀ ಇಳಿದಿತ್ತು. ಅಷ್ಟು ಗಿಡ್ಡ ಶಾಫ್ಟಿಗೆ 8 ಮಿಮೀ ಅಂದರೆ ಕೋನ ಬಹಳ ಕೆಡುತ್ತದೆ. ಅದರ ಒಂದು ಕ್ರಾಸ್ ಕೂಡ ಒಣಗಿ, ಕೈಯಲ್ಲಿ ತಿರುಗಿಸಿದರೆ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಮೂರು ಮೌಂಟ್, ಎರಡು ಕ್ರಾಸ್, ಶಾಫ್ಟ್ ಎಳೆದಾಗ ಸುರಿದ ಗೇರ್ ಆಯಿಲ್, ಎಲ್ಲ ಸೇರಿ ಮೂರು ಸಾವಿರ ಚಿಲ್ಲರೆ. ಮೌಂಟ್ ಬಿಗಿಯುವ ಮುಂಚೆ ಕೇಸನ್ನು ಕೂರಿಸುವುದಕ್ಕೆ ನನ್ನದೊಂದು ಕ್ರಮ ಇದೆ, ವಾಷರ್ ಎಲ್ಲಿ ಎಷ್ಟು ಅನ್ನುವುದು. ಅದನ್ನು ಗಾಡಿ ನೋಡದೆ ಹೇಳುವುದಿಲ್ಲ.

"ಟೈರ್ ನೋಡಿ ಸಾರ್" ಅಂತ ಮೂರು ಸಲ ಹೇಳಿದ್ದ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚನ್ನರಾಯಪಟ್ಟಣದ ತನಕ ಹೋಗಿಬಂದೆ. ವಾಪಸ್ ಬರುವಾಗ ಅವನೇ ಓಡಿಸಿದ. 95ರ ಮೇಲೆ ಸಣ್ಣಗೆ ಏನೋ ಇದೆ, ಈ ವಾರ ಹಿಂದಿನ ಡ್ರಮ್ ಬಿಚ್ಚಿ ನೋಡಬೇಕು.